ಹಳೆ ಲ್ಯಾಪ್‌ಟಾಪ್ ಬ್ಯಾಟರಿಯಿಂದ ವೈಫೈ ರೂಟರ್‌ಗೆ ಯುಪಿಎಸ್ ಮಾಡಬಹುದಾ?

ಬಾಗಲಕೋಟೆ ನವನಗರದ ಮನೆ, ಕರೆಂಟ್ ಹೋದಾಗೆಲ್ಲ 12 ವೋಲ್ಟ್ ರೂಟರ್ ಆಫ್ ಆಗಿ ಕ್ಲಾಸ್ ಕಡಿಯುತ್ತದೆ, ಮನೆಯಲ್ಲಿ ಸತ್ತ ಎರಡು ಲ್ಯಾಪ್‌ಟಾಪ್ ಬ್ಯಾಟರಿ ಬಿದ್ದಿವೆ ಅಂದಿದ್ದೀರಿ. ಮಾಡಬಹುದು. ವೈರಿಂಗ್ ಅರ್ಧ ದಿನದ ಕೆಲಸ, ಸೆಲ್ ಆರಿಸುವುದು ಎರಡು ವಾರದ್ದು. ಅವಸರ ಮಾಡಿದರೆ ಕೆಡುವುದು ಅಲ್ಲೇ.

ಮೊದಲು ಬ್ಯಾಟರಿ ನೋಡಿ. ಉದ್ದನೆಯ ದಪ್ಪ ಬ್ಯಾಟರಿ, ಮೇಲೆ 10.8 ಅಥವಾ 11.1 ವೋಲ್ಟ್ ಅಂತ ಇದ್ದರೆ ಒಳಗೆ ಸಾಮಾನ್ಯವಾಗಿ ಆರು 18650 ಸೆಲ್ ಇರುತ್ತವೆ (18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ). ತೆಳ್ಳಗೆ ಚಪ್ಪಟೆ ಇದ್ದರೆ ಮುಟ್ಟಬೇಡಿ, ಅದು ಪೌಚ್ ಸೆಲ್ (ಗಟ್ಟಿ ಡಬ್ಬಿಯಿಲ್ಲದೆ ತೆಳು ಚೀಲದಲ್ಲಿರುವುದು), ಚುಚ್ಚಿದರೆ ಹೊತ್ತಿಕೊಳ್ಳುತ್ತದೆ. ಆರೂ ಸತ್ತಿರುವುದು ಅಪರೂಪ. ಒಂದು ಜೋಡಿ ಕೆಟ್ಟರೂ ಒಳಗಿನ ಬೋರ್ಡ್ ಇಡೀ ಪ್ಯಾಕ್‌ಗೆ ಬೀಗ ಹಾಕಿಬಿಡುತ್ತದೆ. ಹಾಗಾಗಿ ನಿಮ್ಮ ಹನ್ನೆರಡರಲ್ಲಿ ಒಳ್ಳೆಯ ಆರು ಸಿಗುವ ಸಾಧ್ಯತೆ ಚೆನ್ನಾಗಿದೆ. ಪ್ಲಾಸ್ಟಿಕ್ ಜೋಡಣೆಯ ಗೆರೆಗುಂಟ ಮೊಂಡು ಪಟ್ಟಿಯಿಂದ ಮೀಟಿ ತೆರೆಯಿರಿ, ಸ್ಕ್ರೂಡ್ರೈವರ್ ಒಳಗೆ ತೂರಿಸಬೇಡಿ. ಸೆಲ್‌ಗಳ ಮೇಲಿನ ನಿಕಲ್ ಪಟ್ಟಿ ಕಿತ್ತು ತೆಗೆಯದೆ, ತುದಿಯಲ್ಲಿ ಬಾಲ ಉಳಿಯುವಂತೆ ಕತ್ತರಿಸಿ. ಮುಂದೆ ಬೆಸುಗೆ ಹಾಕುವುದು ಈ ಬಾಲಕ್ಕೆ, ನೇರ ಸೆಲ್‌ಗೆ ಅಲ್ಲ. ಸೆಲ್ ಮೈಗೆ ಕಾದ ಐರನ್ ಒತ್ತಿ ಹಿಡಿದರೆ ಒಳಗಿನ ಪ್ಲಾಸ್ಟಿಕ್ ಪರದೆ ಕುಗ್ಗಿ ಶಾರ್ಟ್ ಆಗುತ್ತದೆ.

ಈಗ ಮಲ್ಟಿಮೀಟರ್. 2 ವೋಲ್ಟ್‌ಗಿಂತ ಕೆಳಗಿರುವ ಸೆಲ್ ಬದಿಗಿಡಿ. ಯೂಟ್ಯೂಬ್‌ನಲ್ಲಿ ಇಂಥವನ್ನು 'ಎಬ್ಬಿಸುವ' ಉಪಾಯ ಬೇಕಾದಷ್ಟಿವೆ, ನಂಬಬೇಡಿ: ಅಷ್ಟು ಇಳಿದ ಸೆಲ್‌ನಲ್ಲಿ ತಾಮ್ರ ಕರಗಿರುತ್ತದೆ, ಚಾರ್ಜ್ ಮಾಡುವಾಗ ಅದೇ ಮತ್ತೆ ಗಟ್ಟಿಯಾಗಿ ಒಳಗೇ ಸೇತುವೆ ಕಟ್ಟುತ್ತದೆ. ಉಳಿದವನ್ನು ಟಿಪಿ4056 ಬೋರ್ಡಿನಲ್ಲಿ (ಒಂದು ಸೆಲ್ ಚಾರ್ಜ್ ಮಾಡುವ ಪುಟ್ಟ ಬೋರ್ಡ್) ಒಂದೊಂದಾಗಿ 4.2 ವೋಲ್ಟ್‌ಗೆ ತುಂಬಿಸಿ. ಅದು 1 ಆಂಪಿಯರ್ ಕೊಡುತ್ತದೆ, ಮುದಿ ಸೆಲ್‌ಗೆ ಹೆಚ್ಚಾಯಿತು. ಬೋರ್ಡಿನ 1.2 ಕಿಲೋಓಮ್ ರೆಸಿಸ್ಟರ್ ತೆಗೆದು 2.4 ಕಿಲೋಓಮ್ ಹಾಕಿದರೆ ಅರ್ಧಕ್ಕಿಳಿಯುತ್ತದೆ. ಚಾರ್ಜ್ ಆಗುವಾಗ ಕೈಗೆ ಬಿಸಿ ತಾಗುವ ಸೆಲ್ ಬೇಡ. ತುಂಬಿದವನ್ನು ಒಂದು ವಾರ ಸುಮ್ಮನೆ ಬಿಡಿ, 4.1ರ ಮೇಲೆ ನಿಂತವು ಗಟ್ಟಿ, 4.0ಕ್ಕಿಂತ ಕೆಳಗೆ ಬಂದವು ಒಳಗೇ ಸೋರುತ್ತಿವೆ.

ಪಾಸಾದವಕ್ಕೆ 4 ಓಮ್, 10 ವಾಟ್ ರೆಸಿಸ್ಟರ್ ಕಟ್ಟಿ, 3.0 ವೋಲ್ಟ್‌ಗೆ ಇಳಿಯುವವರೆಗೆ ಹೊತ್ತು ಬರೆದಿಡಿ. ಸರಾಸರಿ 0.9 ಆಂಪಿಯರ್ ಹರಿಯುತ್ತದೆ. ಎರಡು ಗಂಟೆ ಹಿಡಿದರೆ ಸೆಲ್‌ನ ಸಾಮರ್ಥ್ಯ ಸುಮಾರು 1800 ಎಂಎಎಚ್ (ಮಿಲಿಆಂಪಿಯರ್-ಅವರ್). ರೆಸಿಸ್ಟರ್ ಸುಡುತ್ತದೆ, ಪರಸಿ ಕಲ್ಲಿನ ತುಂಡಿನ ಮೇಲಿಡಿ. ನಂತರ ಸೆಲ್‌ಗಳನ್ನು ಮತ್ತೆ ತುಂಬಿಸಿ, ಎರಡೆರಡು ಸೆಲ್‌ನ ಮೂರು ಜೋಡಿಗಳ ಎಂಎಎಚ್ ಮೊತ್ತ ಒಂದಕ್ಕೊಂದು ಸಮ ಬರುವಂತೆ ಹೊಂದಿಸಿ. ಸಣ್ಣ ಜೋಡಿ ಒಂದಿದ್ದರೆ ಪ್ರತಿಸಲ ಅದೇ ಮೊದಲು ಬರಿದಾಗಿ ಉಳಿದೆರಡನ್ನೂ ನಿಲ್ಲಿಸುತ್ತದೆ.

ಜೋಡಣೆ ಸರಳ. ಸಮಾಂತರ ಜೋಡಿ ಮೂರು (ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್), ಅವು ಸರಣಿಯಲ್ಲಿ (ಒಂದರ ಪ್ಲಸ್ ಮುಂದಿನದರ ಮೈನಸ್‌ಗೆ), ಮೇಲೆ ಬ್ಯಾಲೆನ್ಸ್ ಇರುವ 3ಎಸ್ ಬಿಎಂಎಸ್ (ಸರಣಿಯ ಮೂರು ಜೋಡಿಗಳನ್ನು ಕಾಯುವ, ಸಮ ಇಡುವ ಬೋರ್ಡ್). ಅದರ ತಂತಿ 0, 4.2, 8.4, 12.6 ವೋಲ್ಟ್ ಕ್ರಮದಲ್ಲೇ ಹಾಕಿ. ಸೆಲ್‌ನ ಇಡೀ ಮೈ ಮೈನಸ್ ಎನ್ನುವುದು ನೆನಪಿರಲಿ: ಪ್ಲಸ್ ತುದಿಯ ಸುತ್ತ ಕಾಗದದ ಉಂಗುರ ಇಲ್ಲದೆ ನಿಕಲ್ ಪಟ್ಟಿ ಬಾಗಿಸಿದರೆ ಅಂಚಿಗೆ ತಾಗಿ ಕಿಡಿ. ಹೊರಹೋಗುವ ತಂತಿಗೆ 3 ಆಂಪಿಯರ್ ಫ್ಯೂಸ್. ಎಲ್ಲ ಮುಗಿಸಿದ ಮೇಲೂ ಔಟ್‌ಪುಟ್ ಸೊನ್ನೆ ತೋರಿಸಿದರೆ ಗಾಬರಿ ಬೇಡ, ಹೊಸ ಬಿಎಂಎಸ್ ಎಷ್ಟೋ ಸಲ ಒಮ್ಮೆ ಚಾರ್ಜರ್ ಕೊಟ್ಟ ಮೇಲೇ ಎಚ್ಚರಾಗುತ್ತದೆ.

ಚಾರ್ಜಿಂಗ್‌ಗೆ ಆ ಲ್ಯಾಪ್‌ಟಾಪ್‌ನದೇ 19 ವೋಲ್ಟ್ ಅಡಾಪ್ಟರ್ ಸಾಕು, ಮುಂದೆ ವೋಲ್ಟೇಜ್ ಇಳಿಸುವ ಎಕ್ಸ್‌ಎಲ್4015 ಮಾಡ್ಯೂಲ್ (ಕರೆಂಟ್ ಮಿತಿಯ ಸ್ಕ್ರೂ ಇರುವಂಥದ್ದು). 12.6 ವೋಲ್ಟ್, 1.3 ಆಂಪಿಯರ್‌ಗೆ ಇಡಿ. ಅದರಲ್ಲಿ ಸುಮಾರು ಅರ್ಧ ಆಂಪಿಯರ್ ರೂಟರ್ ತಿನ್ನುತ್ತದೆ. ಮಾಡ್ಯೂಲ್‌ನ ಔಟ್‌ಪುಟ್‌ಗೆ 1ಎನ್5822 ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವುದು) ಹಾಕಿ. ಇಲ್ಲದಿದ್ದರೆ ಕರೆಂಟ್ ಹೋದಾಗ ಬ್ಯಾಟರಿ ಹಿಂದಕ್ಕೆ ಮಾಡ್ಯೂಲ್‌ಗೇ ಹರಿಯುತ್ತದೆ. ಡಯೋಡ್ ದಾಟುವಾಗ ವೋಲ್ಟೇಜ್ ಸ್ವಲ್ಪ ಬಿದ್ದು ಬ್ಯಾಟರಿಗೆ 12.3 ಆಸುಪಾಸು ಸಿಗುತ್ತದೆ. ನನಗೆ ಬೇಕಿರುವುದೂ ಅದೇ: ಸದಾ ಪ್ಲಗ್‌ನಲ್ಲಿರುವ ಲಿಥಿಯಂ ಸೆಲ್ ಪೂರ್ತಿ 4.2ರಲ್ಲಿ ನಿಂತರೆ ಬೇಗ ಮುದಿಯಾಗುತ್ತದೆ.

ಬ್ಯಾಟರಿಯಿಂದ ರೂಟರ್‌ಗೆ ಎರಡು ಕಾಯಿಲ್ ಇರುವ ಎಕ್ಸ್‌ಎಲ್6009 ಬಕ್-ಬೂಸ್ಟ್ ಬೋರ್ಡ್ (ವೋಲ್ಟೇಜ್ ಏರಿಸುವುದೂ ಇಳಿಸುವುದೂ ಎರಡೂ ಮಾಡುವಂಥದ್ದು) ಕೊಳ್ಳಿ. ಒಂದೇ ಕಾಯಿಲ್‌ನದು ವೋಲ್ಟೇಜ್ ಏರಿಸುತ್ತದೆ, ಇಳಿಸುವುದಿಲ್ಲ. ಮೊದಲು ಮೀಟರ್ ಹಿಡಿದು 12.0ಕ್ಕೆ ತಂದು ಆಮೇಲೆ ರೂಟರ್ ಸೇರಿಸಿ. ಅಂಗಡಿಯಿಂದ ಬಂದ ಬೋರ್ಡ್ 20–30 ವೋಲ್ಟ್‌ನಲ್ಲೂ ಇರಬಹುದು. ಸ್ಕ್ರೂ ಹತ್ತು ಸುತ್ತು ತಿರುಗಿಸಿದರೂ ಅಂಕಿ ಅಲುಗಾಡದಿದ್ದರೆ ಇನ್ನೂ ತಿರುಗಿಸಿ, ಅದು ಕೆಟ್ಟಿಲ್ಲ.

ಜೋಡಿಗೆ 3600 ಎಂಎಎಚ್ ಬಂದರೆ ಸುಮಾರು 40 ವಾಟ್-ಅವರ್. ನಷ್ಟ ಕಳೆದು, 6 ವಾಟ್ ರೂಟರ್ ಐದು ಗಂಟೆ ನಡೆಯುತ್ತದೆ.

ಇಡುವ ಜಾಗವೂ ಮುಖ್ಯ. ಇಂಥ ಸೆಲ್‌ಗಳನ್ನು 45 ಡಿಗ್ರಿ ಮೇಲೆ ಚಾರ್ಜ್ ಮಾಡಬಾರದು. ನಮ್ಮ ಕಡೆ ಏಪ್ರಿಲ್‌ನಲ್ಲಿ ಹೊರಗೇ 40 ದಾಟುತ್ತದೆ, ಸ್ಲ್ಯಾಬ್ ಕೆಳಗಿನ ಅಟ್ಟದ ಮೇಲೆ ಕೇಳಲೇಬೇಡಿ. ಕಿಟಕಿ ಬಿಸಿಲು ಬೀಳದ ಗೋಡೆ ಮಾಡದಲ್ಲಿ, ತೂತಿರುವ ತಗಡಿನ ಡಬ್ಬಿಯಲ್ಲಿ, ಪರದೆ-ಪುಸ್ತಕದಿಂದ ದೂರ ಇಡಿ. ತಿಂಗಳಿಗೊಮ್ಮೆ ಮೂರೂ ಜೋಡಿ ಅಳೆಯಿರಿ. ಒಂದು ಜೋಡಿ 0.1 ವೋಲ್ಟ್‌ಗಿಂತ ಹೆಚ್ಚು ಹಿಂದೆ ಬಿದ್ದಿದ್ದರೆ ಅದನ್ನು ಬದಲಿಸಿ; ತೆಗೆದ ಸೆಲ್‌ಗಳ ತುದಿಗೆ ಟೇಪ್ ಸುತ್ತಿ ಇ-ತ್ಯಾಜ್ಯದವರಿಗೆ ಕೊಡಿ, ಕಸದ ಗಾಡಿಗೆ ಹಾಕಬೇಡಿ.