ಎರಡೂವರೆ ಗೋಲು ಹೊಡಿಯೋದು ಹೆಂಗ್ರೀ?

ಪ್ರಶ್ನೆ: ನಮಸ್ಕಾರ್ರೀ. ನನ್ನ ತಮ್ಮ ರಾತ್ರಿಯೆಲ್ಲಾ ಫುಟ್‌ಬಾಲ್ ನೋಡ್ತಾನ. ಮೊನ್ನೆ ಮೊಬೈಲ್‌ನಾಗ ಪ್ರೆಡಿಕ್ಷನ್ ಮಾರ್ಕೆಟ್ ಅಂತ ಏನೋ ತೋರಿಸಿದ, ಅದರಾಗ 'ಓವರ್ 2.5 ಗೋಲು, ಯೆಸ್ 56' ಅಂತಿತ್ತು. ಅರ್ಧ ಗೋಲು ಯಾರ್ ಹೊಡಿತಾರ್ರೀ? ಆ 56 ಇಟ್ಟೋರ್ಯಾರು? ಇದೂ ಓಸಿ ಇದ್ದಂಗೇನಾ? ಇಲ್ಲೇ ಕುಂತು ರೊಕ್ಕ ಹಾಕಬಹುದಾ?
- ಓದುಗರೊಬ್ಬರು, ಗಂಗಾವತಿ

ಉತ್ತರ: ಅರ್ಧ ಗೋಲು ಯಾರೂ ಹೊಡಿಯಂಗಿಲ್ರೀ, ಅದಕ್ಕಂತಾನೇ ಅರ್ಧ ಇಟ್ಟಿರ್ತಾರ. ಎರಡೂ ಟೀಮ್ ಸೇರಿ ಮೂರು ಇಲ್ಲಾ ಜಾಸ್ತಿ ಗೋಲಾದ್ರ ಯೆಸ್, ಎರಡು ಇಲ್ಲಾ ಕಡಿಮಿ ಆದ್ರ ನೋ. ಗೆರಿ ಬರೇ 2 ಅಂತ ಇಟ್ರ ಸರಿಯಾಗಿ ಎರಡೇ ಆದಾಗ ಜಗಳ ಬರ್ತೈತಿ, ಹಿಂಗಿಟ್ರ ಆ ರಗಳೇನೇ ಇಲ್ಲ. ಗೆದ್ದೋರ್ಯಾರು ಅನ್ನೋದು ಲೆಕ್ಕಕ್ಕಿಲ್ಲ, ಸೆಲ್ಫ್ ಗೋಲೂ ಗೋಲೇ.

ಇನ್ನ 56. ಪ್ರೆಡಿಕ್ಷನ್ ಮಾರ್ಕೆಟ್ ಅಂದ್ರ ಮುಂದ ಆಗೋದರ ಮ್ಯಾಲ ಯೆಸ್, ನೋ ಅಂತ ಕೊಂಡು ಮಾರೋ ಜಾಗ. ಅಮೆರಿಕದ ಕಾಲ್ಶಿ, ಪಾಲಿಮಾರ್ಕೆಟ್‌ನಂಥ ಕಡೆ ಒಂದು ಕಾಂಟ್ರಾಕ್ಟ್, ಅಂದ್ರ ಒಂದು ಯೆಸ್ ಇಲ್ಲಾ ನೋ ಚೀಟಿ, ಗೆದ್ರ ಒಂದು ಡಾಲರ್, ಅಂದ್ರ 100 ಸೆಂಟ್, ಸೋತ್ರ ಸೊನ್ನೆ. ಒಬ್ಬ 56 ಸೆಂಟ್ ಕೊಟ್ಟು ಯೆಸ್ ತಗೊಂಡ ಅಂದ್ರ ಎದುರಿಗೆ ಇನ್ನೊಬ್ಬ 44 ಕೊಟ್ಟು ನೋ ತಗೊಂಡಿರ್ತಾನ, ಇಬ್ಬರದೂ ಸೇರಿ ಆ ಒಂದು ಡಾಲರ್, ಹಂಗಾಗಿ ರೇಟು ಕಟ್ಟೋರು ಕಂಪನಿಯೋರಲ್ಲ, ನಿಮ್ಮೂರ ಎಪಿಎಂಸಿಯಾಗ ಭತ್ತದ ರೇಟು ನಿಂತಂಗ ಕೊಳ್ಳೋರು ಮಾರೋರ ನಡುವೆನೇ ನಿಲ್ತೈತಿ, ಕಂಪನಿಗೆ ಫೀಸು ಬಂದ್ರ ಸಾಕು. ಓಸಿಗೂ ಇದಕ್ಕೂ ಇರೋ ಫರಕು ಇದೇ. ಅದರಾಗ ಒಂದಕ್ಕ ಇಷ್ಟು ಅಂತ ಮೊದಲೇ ಫಿಕ್ಸ್, ಇಲ್ಲಿ ಆಟ ನಡದಾಗೂ ರೇಟು ಓಡಾಡ್ತೈತಿ, ನಡುವೆ ಮಾರಿ ಎದ್ದು ಹೋಗಬಹುದು. ಜೂಜು ಅಲ್ಲ ಅಂತ ಮಾತ್ರ ನಾ ಹೇಳಂಗಿಲ್ಲ.

56 ಅಂದ್ರ ಮೂರು ಇಲ್ಲಾ ಜಾಸ್ತಿ ಗೋಲಾಗೋ ಚಾನ್ಸ್ ನೂರಕ್ಕ 56 ಅಂತ ಮಂದಿ ಅಂದಾಜು. 2022ರ ಕತಾರ್ ವರ್ಲ್ಡ್ ಕಪ್‌ನಾಗ 64 ಮ್ಯಾಚಿಗೆ 172 ಗೋಲು, ಸರಾಸರಿ 2.7 ಹತ್ರ. ಸರಾಸರಿ ಗೊತ್ತಿದ್ರ ಇಂತಿಷ್ಟು ಗೋಲಾಗೋ ಚಾನ್ಸ್ ಎಷ್ಟು ಅಂತ ಹೇಳೋ ಪ್ವಾಸಾನ್ ಅಂತ ಒಂದು ಲೆಕ್ಕ ಐತಿ, ಅದಕ್ಕ ಈ 2.7 ಹಾಕಿದ್ರ ಮೂರು ಇಲ್ಲಾ ಜಾಸ್ತಿ ಆಗೋ ಚಾನ್ಸ್ ನೂರಕ್ಕ 51ರ ಆಸುಪಾಸು ಬರ್ತೈತಿ. ಅಂದ್ರ ನಿಮ್ಮ ತಮ್ಮ ತೋರಿಸಿದ ಮ್ಯಾಚಿನಾಗ ಗೋಲು ಸ್ವಲ್ಪ ಜಾಸ್ತೀನೇ ಬೀಳ್ತಾವ ಅಂತ ಮಂದಿ ಎಣಿಸ್ಯಾರ. ಅದೇ ಮ್ಯಾಚು ಹಾಫ್ ಟೈಮಿಗೆ 0-0 ಇದ್ರ 56 ಇದ್ದದ್ದು ಇಪ್ಪತ್ತರ ಹತ್ರ ಇಳಿದಿರ್ತೈತಿ, ಯಾಕಂದ್ರ ಉಳಿದ 45 ನಿಮಿಷದಾಗ ಮೂರೂ ಆಗಬೇಕಲ್ಲ. ಯಾರೂ ಏನೂ ಮಾಡದಿದ್ರೂ ಗಡಿಯಾರ ಓಡಿದಂಗ ಯೆಸ್ ರೇಟು ಸೋರ್ತಾ ಹೋಗ್ತೈತಿ.

ಬಹಳ ಮಂದಿ ಎಡವೋದು ರೂಲ್ಸಿನಾಗ. ಅದೇ ವರ್ಲ್ಡ್ ಕಪ್ ಫೈನಲ್ ನೆನಪ ಮಾಡ್ಕೊಳ್ರಿ, ಅರ್ಜೆಂಟೀನಾ-ಫ್ರಾನ್ಸ್ 90 ನಿಮಿಷಕ್ಕ 2-2, ಎಕ್ಸ್‌ಟ್ರಾ ಟೈಮ್ ಮುಗಿದಾಗ 3-3. ಓವರ್ 4.5 ತಗೊಂಡೋನು, ರೂಲ್ 90 ನಿಮಿಷದ್ದಿದ್ರ ನಾಲ್ಕೇ ಗೋಲು ಅಂತ ಸೋಲ್ತಾನ, ಎಕ್ಸ್‌ಟ್ರಾ ಟೈಮ್ ಸೇರಿದ್ರ ಆರು ಅಂತ ಗೆಲ್ತಾನ. ಇಂಜುರಿ ಟೈಮ್ 90ರಾಗೇ ಬರ್ತೈತಿ, ಶೂಟೌಟಿನ ಗೋಲು ಸಾಮಾನ್ಯವಾಗಿ ಎಣಿಸಂಗಿಲ್ಲ.

ಇಲ್ಲೇ ಕುಂತು ಹಾಕೋದಾ? 2025ರ ಆಗಸ್ಟ್‌ನಾಗ ಬಂದ ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯ್ದೆ ರೊಕ್ಕ ಹಚ್ಚಿ ಆಡೋ ಆಟ ನಡೆಸೋದನ್ನ, ಅದರ ಜಾಹೀರಾತನ್ನ, ಬ್ಯಾಂಕು ಅದಕ್ಕ ರೊಕ್ಕ ಸಾಗಿಸೋದನ್ನ ಬಂದ್ ಮಾಡೈತಿ. ನಿಮ್ಮ ತಮ್ಮಗ ರೇಟು ನೋಡ್ಕೋತ ಮ್ಯಾಚ್ ನೋಡು ಅನ್ರಿ, ಅಕೌಂಟ್ ಮಾತ್ರ ತಗಿಯಬ್ಯಾಡ ಅನ್ರಿ.