ಕ್ಯಾಲೆಂಡರಿನ ತೊಂಬತ್ತೇಳು ಚುಕ್ಕೆಗಳು

ಶಿವಮೊಗ್ಗದ ನನ್ನ ಸಲಹಾ ಕೊಠಡಿಗೆ ಬರುವ ಹೊಸ ದಂಪತಿಗಳಲ್ಲಿ ಒಂದೇ ತಪ್ಪು ಎಣಿಕೆಯನ್ನು ಮತ್ತೆ ಮತ್ತೆ ನೋಡುತ್ತಿದ್ದೇನೆ. ಅದರಿಂದ ಒಂದು ಸಂಸಾರ ಮುರಿಯುವ ಹಂತಕ್ಕೆ ಬಂದದ್ದನ್ನು ಕಂಡ ಮೇಲೆ ಬರೆಯದೆ ಇರಲಾಗಲಿಲ್ಲ. ಇಬ್ಬರ ಒಪ್ಪಿಗೆಯನ್ನೂ ಪಡೆದಿದ್ದೇನೆ. ಗುರುತು ಹತ್ತದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆ. ತುಳಸಿ ಹಬ್ಬ ಮುಗಿದ ಮೇಲೆ ಮದುವೆಯಾಗಿತ್ತು. ಆಕೆಗೆ ಇಪ್ಪತ್ತನಾಲ್ಕು, ಬಿ.ಎಡ್. ಓದುತ್ತಿದ್ದಳು. ಪರೀಕ್ಷೆ ಮುಗಿಯುವವರೆಗೆ ಮಗು ಬೇಡವೆಂದು ಇಬ್ಬರೂ ಸೇರಿಯೇ ತೀರ್ಮಾನಿಸಿದ್ದರು. ಆಷಾಢಕ್ಕೆ ತವರಿಗೆ ಹೋದವಳು ಶ್ರಾವಣ ಕಳೆದು ಗೌರಿ ಹಬ್ಬ ಮುಗಿದರೂ ಹಿಂದಿರುಗಲಿಲ್ಲ. ಎರಡೂ ಮನೆಯ ಹಿರಿಯರು ಪಂಚಾಯಿತಿಗೆ ಕೂರುವುದರಲ್ಲಿದ್ದರು. "ನಾನು ಹತ್ತಿರ ಹೋದರೆ ಮೈ ಮುದುಡಿಕೊಳ್ಳುತ್ತಾಳೆ, ನಾನು ಇಷ್ಟವಿಲ್ಲವೇನೋ" ಎಂದು ಆತ ಮೊದಲ ಭೇಟಿಯಲ್ಲೇ ಅತ್ತ. ಆಕೆ ಅಂದು ಬಾಯಿ ಬಿಡಲಿಲ್ಲ.

ಎರಡನೆಯ ಸಲ ಆಕೆಯೊಬ್ಬಳನ್ನೇ ಕೂರಿಸಿ ಮಾತನಾಡಿದೆ. ಹೊರಗೆ ಮಳೆ ಹೊಯ್ಯುತ್ತಿತ್ತು. ಬಹಳ ಹೊತ್ತು ಸೆರಗಿನ ಅಂಚನ್ನು ಮಡಿಸುತ್ತ, ಬಿಡಿಸುತ್ತ ಕುಳಿತಿದ್ದವಳು ಕೊನೆಗೆ ಮೊಬೈಲ್ ತೆಗೆದು ಒಂದು ಫೋಟೊ ತೋರಿಸಿದಳು. ಅತ್ತೆಯ ಮನೆಯ ಅಡುಗೆ ಕೋಣೆಯ ಕ್ಯಾಲೆಂಡರ್. ತಾರೀಖುಗಳ ಮೂಲೆಯಲ್ಲಿ ಕೆಂಪು ಪೆನ್ನಿನ ಸಾಸಿವೆಯಷ್ಟು ಸಣ್ಣ ಚುಕ್ಕೆಗಳು. ಡೈರಿಗೆ ಹಾಕಿದ ಹಾಲಿನ ಲೆಕ್ಕವೆಂದು ಅತ್ತೆ ತಿಳಿದಿದ್ದರಂತೆ.

"ತೊಂಬತ್ತೇಳು ಆಗಿದೆ ಮೇಡಂ. ಕಾಂಡೋಮ್ ನೂರಕ್ಕೆ ತೊಂಬತ್ತೆಂಟು ಮಾತ್ರ ಎಂದು ಓದಿದ್ದೇನೆ. ಇನ್ನು ಒಂದೇ ಉಳಿದಿರುವುದು."

ನನಗೆ ಮಾತು ಹೊರಡಲು ಸ್ವಲ್ಪ ಸಮಯ ಬೇಕಾಯಿತು. ತೊಂಬತ್ತೆಂಟು ಸಲ ಕಾಪಾಡುತ್ತದೆ, ಆಮೇಲಿನ ಎರಡು ಸಲ ಬಸಿರು ಖಚಿತ ಎಂದು ಆಕೆ ತಿಳಿದಿದ್ದಳು. ಎಂಟು ತಿಂಗಳು ಒಬ್ಬಳೇ ಎಣಿಸಿ, ಎಣಿಕೆ ಮುಗಿಯುತ್ತ ಬಂದಾಗ ತವರಿಗೆ ಓಡಿಹೋಗಿದ್ದಳು. ಅಲ್ಲಿದ್ದಾಗ ಮುಟ್ಟು ಸರಿಯಾಗಿಯೇ ಆಗಿತ್ತು. ಆದರೂ ಹೆದರಿಕೆ ಹೋಗಿರಲಿಲ್ಲ.

ಆಕೆಗೆ ಹೇಳಿದ್ದನ್ನೇ ಇಲ್ಲಿಯೂ ಹೇಳುತ್ತೇನೆ. ನಿಮ್ಮಂಥ 100 ದಂಪತಿಗಳನ್ನು ನೆನೆಸಿಕೊಳ್ಳಿ. ಈ ತುಳಸಿ ಹಬ್ಬದಿಂದ ಮುಂದಿನ ತುಳಸಿ ಹಬ್ಬದವರೆಗೆ ಏನನ್ನೂ ಬಳಸದಿದ್ದರೆ ಅವರಲ್ಲಿ ಸುಮಾರು 85 ಮಂದಿಗೆ ಗರ್ಭ ನಿಲ್ಲುತ್ತದೆ. ಪ್ರತಿ ಸಲವೂ, ಮೊದಲಿನಿಂದ ಕೊನೆಯವರೆಗೂ, ಸರಿಯಾಗಿ ಕಾಂಡೋಮ್ ಬಳಸಿದರೆ ಇಡೀ ವರ್ಷದಲ್ಲಿ ಸುಮಾರು 2 ಮಂದಿಗೆ. 98 ಎನ್ನುವುದು ಸಲಗಳ ಲೆಕ್ಕವಲ್ಲ, ಒಂದು ವರ್ಷದಲ್ಲಿ 100 ಹೆಂಗಸರ ಲೆಕ್ಕ. ಹಿಂದಿನ ತೊಂಬತ್ತೇಳು ಸಲ ಏನೂ ಆಗಲಿಲ್ಲವೆಂದು ಮುಂದಿನ ಸಲದ ಮೇಲೆ ಸಾಲ ಏರಿ ಕೂರುವುದಿಲ್ಲ.

ಆಕೆ ಮುಖ ಮುಚ್ಚಿಕೊಂಡು ಅತ್ತಳು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಿಲ್ಲಿಸದೆ ಇನ್ನೊಂದು ಪ್ರಶ್ನೆ ಕೇಳಿದೆ: "ಈ ತೊಂಬತ್ತೇಳರಲ್ಲಿ ಮೊದಲಿನಿಂದ ಕೊನೆಯವರೆಗೆ ಬಳಸಿದ್ದು ಎಷ್ಟು ಸಲ?"

ಉತ್ತರ ಸಿಕ್ಕಿದ್ದು ಗಂಡನನ್ನೂ ಒಳಗೆ ಕರೆದ ಮೇಲೆ. ಅರವತ್ತಿರಬಹುದು ಎಂದ. ಮುಟ್ಟಿನ ಹಿಂದೆ ಮುಂದೆ ಅಪಾಯವಿಲ್ಲವೆಂದು ಬಿಟ್ಟ ದಿನಗಳಿದ್ದವು. ಕೊನೆಯ ಗಳಿಗೆಯಲ್ಲಿ ಮಾತ್ರ ಹಾಕಿಕೊಂಡ ದಿನಗಳೂ ಇದ್ದವು. ಊರಿನ ಮೆಡಿಕಲ್ ಶಾಪಿನವರು ನೆಂಟರು, ಹಾಗಾಗಿ ಆರು ತಿಂಗಳಿಗಾಗುವಷ್ಟನ್ನು ಶಿವಮೊಗ್ಗದಿಂದ ಒಮ್ಮೆಲೇ ತಂದು, ಅಮ್ಮ ಕೋಣೆ ಗುಡಿಸುವಾಗ ಸಿಗಬಾರದೆಂದು ಬೈಕಿನ ಬಾಕ್ಸ್‌ನಲ್ಲಿ ಇಟ್ಟಿದ್ದ. ಏಪ್ರಿಲ್, ಮೇ ಪೂರ್ತಿ ಬೈಕ್ ಕಚೇರಿಯ ಮುಂದೆ ಬಿಸಿಲಿನಲ್ಲಿ ನಿಲ್ಲುತ್ತಿತ್ತು. ನೋವಾಗುತ್ತದೆಂದು ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದುದಾಗಿ ಆಕೆ ತಲೆ ತಗ್ಗಿಸಿ ಹೇಳಿದಳು.

ಅಪಾಯ ಇದ್ದದ್ದು ಇಲ್ಲಿ. ಎಣ್ಣೆ ತಾಗಿದರೆ ಕಾಂಡೋಮಿನ ಲೇಟೆಕ್ಸ್ ರಬ್ಬರು ನಿಮಿಷಗಳಲ್ಲೇ ಸಡಿಲವಾಗುತ್ತದೆ, ಕೊಬ್ಬರಿ ಎಣ್ಣೆಯಾದರೂ ಅಷ್ಟೇ, ವ್ಯಾಸಲೀನ್ ಆದರೂ ಅಷ್ಟೇ. ನೋವಿದ್ದರೆ ನೀರಿನಂಶದ ಜೆಲ್ ಬಳಸಬೇಕು. ಬಿಸಿಲಿನಲ್ಲಿ ಬೆಂದ ಪೊಟ್ಟಣವನ್ನು ನಂಬಬಾರದು, ಅವಧಿ ಮುಗಿಯುವ ತಾರೀಖನ್ನು ನೋಡಬೇಕು. ವೀರ್ಯಾಣು ಹೆಣ್ಣಿನ ದೇಹದಲ್ಲಿ 5 ದಿನದವರೆಗೂ ಬದುಕಿರಬಲ್ಲದು. ಆದ್ದರಿಂದ ಮುಟ್ಟು ಹಿಂದೆಮುಂದಾಗುವ ಹೆಂಗಸಿಗೆ ತಾರೀಖಿನ ಲೆಕ್ಕವೊಂದೇ ಸಾಲದು. ಜನ ದಿನನಿತ್ಯ ಬಳಸುವ ರೀತಿಯನ್ನು, ಮರೆವು, ಆತುರ ಎಲ್ಲವನ್ನೂ ಸೇರಿಸಿ ನೋಡಿದರೆ ವರ್ಷಕ್ಕೆ 100ರಲ್ಲಿ ಸುಮಾರು 13 ಹೆಂಗಸರು ಬಸಿರಾಗುತ್ತಾರೆ. ಆ 2ಕ್ಕೂ ಈ 13ಕ್ಕೂ ನಡುವೆ ಇರುವುದು ಹೆಚ್ಚಾಗಿ ಕೈಯ ತಪ್ಪು, ರಬ್ಬರಿನ ದೋಷ ಅಪರೂಪ.

ಮೊದಲೇ ಹೆದರಿದ ಹುಡುಗಿಗೆ 13ರ ಮಾತು ಹೇಳಬಾರದಿತ್ತು ಎಂದು ನನ್ನ ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ನಾನು ಒಪ್ಪುವುದಿಲ್ಲ. ಮದುವೆಯ ಹೊಸತರಲ್ಲಿ ಆಕೆ ಒಬ್ಬ ನರ್ಸ್ ಬಳಿ ಇದನ್ನೇ ಕೇಳಿದ್ದಳು. "ಏನೂ ಆಗುವುದಿಲ್ಲ, ಹೋಗಮ್ಮ" ಎಂಬ ಉತ್ತರ ಸಿಕ್ಕಿತ್ತು. ಎಂಟು ತಿಂಗಳು ಚುಕ್ಕೆ ಇಟ್ಟು ಎಣಿಸಿದವಳಿಗೆ ಸಮಾಧಾನದ ಮಾತು ಸಾಕಾಗುತ್ತದೆಯೇ? ಆಕೆಗೆ ಬೇಕಾಗಿದ್ದದ್ದು ಸರಿಯಾದ ಲೆಕ್ಕ. ಅರ್ಧ ಹೇಳಿ ಕಳುಹಿಸಿದ್ದರೆ ಹೆದರಿಕೆ ಬಿಟ್ಟು, ಎಣ್ಣೆಯ ಬಾಟಲಿಯನ್ನು ಉಳಿಸಿಕೊಂಡು ಮನೆಗೆ ಹೋಗುತ್ತಿದ್ದರು. ಹೆದರುತ್ತಾರೆಂದು ಸತ್ಯವನ್ನು ಬಚ್ಚಿಡುವ ಹಕ್ಕು ನಮಗಿಲ್ಲ, ಅದರಲ್ಲೂ ಬಸಿರು ಹೊರಬೇಕಾದವಳ ಎದುರಿನಲ್ಲಿ.

ಕೊಟ್ಟ ಸಲಹೆ ಇಷ್ಟು. ಪೊಟ್ಟಣವನ್ನು ಕೋಣೆಯ ಬೀರುವಿನಲ್ಲಿ, ತಂಪಾದ ಜಾಗದಲ್ಲಿ ಇಡಿ, ಬೀಗ ಹಾಕಿಕೊಳ್ಳಿ. ಮೈ ಸೇರುವ ಮೊದಲೇ ಹಾಕಿಕೊಳ್ಳಿ, ತುದಿಯಲ್ಲಿ ಗಾಳಿ ನಿಲ್ಲದಂತೆ ಹಿಂಡಿ ಹಿಡಿಯಿರಿ, ಹೊರತೆಗೆಯುವಾಗ ಬುಡವನ್ನು ಹಿಡಿದಿರಿ. ಭದ್ರತೆಗೆಂದು ಒಂದರ ಮೇಲೊಂದು ಹಾಕಬೇಡಿ. ಹರಿದರೆ ಅಥವಾ ಜಾರಿದರೆ 72 ಗಂಟೆಯೊಳಗೆ ತುರ್ತು ಮಾತ್ರೆ ಇದೆ, ಎಷ್ಟು ಬೇಗ ತೆಗೆದುಕೊಂಡರೆ ಅಷ್ಟು ಒಳ್ಳೆಯದು, ಆದರೆ ಅದು ದಿನವೂ ನೆಚ್ಚುವ ಮದ್ದಲ್ಲ. ಇದಕ್ಕಿಂತ ಗಟ್ಟಿಯಾದ ಭರವಸೆ ಬೇಕೆಂದರೆ ಕಾಪರ್ ಟಿ ಇದೆ, ನಮ್ಮ ಕಡೆ ವಂಕಿ ಎನ್ನುತ್ತೇವಲ್ಲ, ಅದು. ಮೂರು ತಿಂಗಳಿಗೊಮ್ಮೆ ಕೊಡುವ, 'ಅಂತರ' ಎಂಬ ಹೆಸರಿನ ಗರ್ಭನಿರೋಧಕ ಚುಚ್ಚುಮದ್ದೂ ಇದೆ. ಎರಡೂ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಯಾವುದೆಂಬ ತೀರ್ಮಾನ ವೈದ್ಯರ ಪರೀಕ್ಷೆಯ ಬಳಿಕ ಆಕೆಯದು. ಎಣಿಸುವ ಕೆಲಸ ಮಾತ್ರ ಇನ್ನು ಮುಂದೆ ಆಕೆಯೊಬ್ಬಳದಾಗಬಾರದು ಎಂದು ಗಂಡನಿಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ.

ದಸರಾ ಕಳೆದ ಮೇಲೆ ಇಬ್ಬರೂ ಒಟ್ಟಿಗೆ ಬಂದರು. ವಂಕಿ ಹಾಕಿಸಿಕೊಳ್ಳುವುದೋ ಬೇಡವೋ ಎಂದು ಆಕೆ ಇನ್ನೂ ಯೋಚಿಸುತ್ತಿದ್ದಳು. ನೋವಾಗುತ್ತದೆಯೇ, ಮುಟ್ಟು ಹೆಚ್ಚಾಗುತ್ತದೆಯೇ, ಮುಂದೆ ಮಗುವಿಗೆ ತೊಂದರೆಯೇ ಎಂಬ ಪ್ರಶ್ನೆಗಳನ್ನು ಆತ ಒಂದು ಚೀಟಿಯಲ್ಲಿ ಬರೆದು ತಂದಿದ್ದ. ಡಾಕ್ಟರ ಹತ್ತಿರ ಹೋಗುವ ದಿನ ಕಚೇರಿಗೆ ರಜೆ ಹಾಕಿರುವುದಾಗಿಯೂ ಹೇಳಿದ.