ಪ್ರಾಥಮಿಕ ಶಾಲೆಯ ಮಕ್ಕಳಿಗೆ ಸಂಶೋಧನೆ ಮಾಡುವುದನ್ನು ಕಲಿಸುವುದು ಹೇಗೆ?

ಐದನೇ ತರಗತಿಗೆ 'ನಮ್ಮ ಬೆಂಗಳೂರು' ಎಂಬ ಪ್ರಾಜೆಕ್ಟ್ ಕೊಟ್ಟರೆ ಎಲ್ಲ ಮಕ್ಕಳೂ ಅಂಗಡಿಯಲ್ಲಿ ಮುದ್ರಿಸಿದ ಒಂದೇ ಪುಟವನ್ನು ಅಂಟಿಸಿಕೊಂಡು ಬರುತ್ತಾರೆ, ಏನು ಮಾಡಲಿ ಎಂದು ಕೇಳಿದ್ದೀರಿ. ನಾನೂ ಪ್ರಾಥಮಿಕ ಶಾಲೆಯ ಶಿಕ್ಷಕಿ. ಇದರಲ್ಲಿ ಮಕ್ಕಳ ತಪ್ಪೇನೂ ಇಲ್ಲ. ಅವರ ಕೈಗೆ ಸಿಕ್ಕಿರುವುದು ವಿಷಯ, ಪ್ರಶ್ನೆಯಲ್ಲ. ಮುಂದಿನ ಬಾರಿ 'ಬೆಂಗಳೂರು ಎಂಬ ಹೆಸರು ಎಷ್ಟು ಹಳೆಯದು?' ಎಂದು ಕೇಳಿ ನೋಡಿ.

ಮೊದಲ ದಿನ ಮನೆಯಲ್ಲಿ, ಬೀದಿಯಲ್ಲಿ ವಿಚಾರಿಸಿಕೊಂಡು ಬರಲಿ. ನೋಟ್‌ಬುಕ್ಕಿನಲ್ಲಿ ಮೂರು ಕಲಂ ಇರಲಿ: ಏನು ಹೇಳಿದರು, ಯಾರು ಹೇಳಿದರು, ಅವರಿಗೆ ಹೇಗೆ ಗೊತ್ತು. ಈ ಮೂರನೆಯ ಕಲಂ ಅನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ. ನನ್ನ ತರಗತಿಯಲ್ಲಿ ಅರ್ಧ ಮಕ್ಕಳು ಬೇಟೆಗೆ ಹೋದ ಹೊಯ್ಸಳ ರಾಜ ವೀರಬಲ್ಲಾಳನಿಗೆ ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದರಿಂದಲೇ ಊರಿಗೆ ಬೆಂದಕಾಳೂರು ಎಂಬ ಹೆಸರು ಬಂತು ಎಂಬ ಕಥೆಯನ್ನು ತಂದರು. ಉಳಿದವರು 1537, ಕೆಂಪೇಗೌಡ ಎಂದರು. ಎರಡನ್ನೂ ಕಪ್ಪುಹಲಗೆಯ ಮೇಲೆ ಬರೆದು, ಬೇಗೂರಿನ ನಾಗೇಶ್ವರ ದೇವಾಲಯದಲ್ಲಿರುವ ಶಾಸನದ ಚಿತ್ರವನ್ನು ಪಕ್ಕದಲ್ಲಿ ಅಂಟಿಸಿದೆ. ಗಂಗರ ಕಾಲದ, ಸುಮಾರು ಕ್ರಿ.ಶ. 900ರ ಆ ಕಲ್ಲಿನಲ್ಲಿ ಬೆಂಗಳೂರಿನಲ್ಲಿ ನಡೆದ ಕಾಳಗದ ಉಲ್ಲೇಖವಿದೆ. ವೀರಬಲ್ಲಾಳ ಪಟ್ಟಕ್ಕೆ ಬಂದದ್ದು 1173ರಲ್ಲಿ. ಕಳೆಯುವ ಲೆಕ್ಕವನ್ನು ನಾನು ಮಾಡಲಿಲ್ಲ, ಮಕ್ಕಳೇ ಮಾಡಿದರು. ರಾಜ ಹುಟ್ಟುವ ಮೊದಲೇ ಹೆಸರು ಇತ್ತಲ್ಲ ಎಂದು ಅವರ ಬಾಯಿಂದಲೇ ಬಂತು.

'ಹಾಗಾದರೆ ನಮ್ಮಜ್ಜಿ ಸುಳ್ಳು ಹೇಳಿದರಾ?' ಎಂದು ಒಬ್ಬ ಹುಡುಗಿ ಕೇಳಿದಳು. ಇಂಥ ಪ್ರಶ್ನೆ ಬಂದಾಗ ಪಾಠ ಮುಗಿಸುವ ಅವಸರ ಬೇಡ. ಅಜ್ಜಿ ಹೇಳಿದ್ದು ತಾನು ಕೇಳಿದ್ದನ್ನು. ಕೆಂಪೇಗೌಡರು ಕೋಟೆ, ಪೇಟೆ ಕಟ್ಟಿಸಿದ್ದೂ ಸುಳ್ಳಲ್ಲ, ಆದರೆ ಅದು ಬೇರೆಯೇ ಪ್ರಶ್ನೆಗೆ ಉತ್ತರ. ಕಲ್ಲಿನಲ್ಲಿರುವ ಬೆಂಗಳೂರು ಈಗಿನ ಬೆಂಗಳೂರು ಇರುವ ಜಾಗವೇ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆಯನ್ನು ಗೋಡೆಯ ಮೇಲೆ ಬರೆದು ಹಾಗೆಯೇ ಬಿಡಿ. ಹತ್ತು ವರ್ಷದ ಮಗುವಿಗೆ ಅಷ್ಟು ತಾಳ್ಮೆ ಇರುತ್ತದೆ, ನಂಬಿ.

ಬೆಂಗಳೂರಿನ ಹೊರಗೆ ಇರುವವರೂ ಇದನ್ನು ಮಾಡಬಹುದು. ಬಿ.ಎಲ್. ರೈಸ್ ಅವರು ಸಂಪಾದಿಸಿದ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳಲ್ಲಿ ಹಳೆ ಮೈಸೂರು ಸಂಸ್ಥಾನದ ಶಾಸನಗಳನ್ನು ತಾಲ್ಲೂಕುವಾರು ಜೋಡಿಸಿದ್ದಾರೆ. ನಿಮ್ಮ ತಾಲ್ಲೂಕಿನ ಪುಟಗಳನ್ನು ತೆರೆದರೆ ಮಕ್ಕಳಿಗೆ ಪರಿಚಯವಿರುವ ಊರುಗಳ ಹೆಸರೇ ಸಿಗುತ್ತವೆ. ಹಳಗನ್ನಡ ಅರ್ಥವಾಗಬೇಕಿಲ್ಲ, ತಮ್ಮೂರಿನ ಹೆಸರನ್ನು ಹುಡುಕಿ ತೆಗೆದರೆ ಸಾಕು.

ಹುಡುಕುವುದನ್ನೂ ಕಲಿಸಬೇಕಾಗುತ್ತದೆ. ವರ್ಣಮಾಲೆಯನ್ನು ಪಟಪಟನೆ ಒಪ್ಪಿಸುವ ಮಗುವಿಗೆ ನಿಘಂಟು ಕೊಟ್ಟು 'ಕ್ಷಮೆ' ಹುಡುಕು ಎನ್ನಿ. ಗೋಡೆಯ ಚಾರ್ಟಿನಲ್ಲಿ ಕ್ಷ ಕೊನೆಯಲ್ಲಿರುವುದರಿಂದ ಮಗು ಪುಸ್ತಕದ ಕೊನೆಗೇ ಹೋಗುತ್ತದೆ. ಕ್ಷ ಎಂದರೆ ಕಕಾರಕ್ಕೆ ಷಕಾರದ ಒತ್ತು, ಹಾಗಾಗಿ ಕಕಾರದಲ್ಲಿ ನೋಡಬೇಕು ಎಂದು ಒಮ್ಮೆ ಹೊಳೆದರೆ ಮತ್ತೆ ಮರೆಯುವುದಿಲ್ಲ. ದಿನಕ್ಕೆ ಐದು ನಿಮಿಷ ಇದಕ್ಕೆ ಕೊಡಿ.

ಮೊಬೈಲ್ ಬೇಡವೇ ಬೇಡ ಎನ್ನುವವಳು ನಾನಲ್ಲ, ಆದರೆ ಕೊನೆಗೆ ಬರಲಿ. ಗೂಗಲ್‌ನಲ್ಲಿ ಸಿಕ್ಕಿದ್ದನ್ನೂ ಅದೇ ಮೂರು ಕಲಂಗಳಲ್ಲೇ ಬರೆಯಬೇಕು. 'ಯಾರು ಹೇಳಿದರು' ಎಂಬಲ್ಲಿ 'ಗೂಗಲ್' ಎಂದು ಬರೆದರೆ ನಾನು ವಾಪಸ್ ಕಳುಹಿಸುತ್ತೇನೆ. ಆ ಪುಟವನ್ನು ಬರೆದವರು ಯಾರು ಎಂದು ನೋಡಿಕೊಂಡು ಬರಬೇಕು.

ಅಂಕಗಳನ್ನು ಚಾರ್ಟಿನ ಅಂದಕ್ಕೆ ಕೊಡಬೇಡಿ. 'ಉತ್ತರ ಸಿಗಲಿಲ್ಲ, ಇಲ್ಲಿಲ್ಲಿ ಹುಡುಕಿದೆ' ಎಂದು ಬರೆದ ಮಗುವಿಗೆ ಪೂರ್ತಿ ಅಂಕ ಕೊಡಿ. ಪೋಷಕರು ಬಂದು ಕೇಳುವುದು ಖಂಡಿತ, ಆಗ ಆ ನೋಟ್‌ಬುಕ್ಕನ್ನು ಅವರ ಮುಂದಿಡಿ.